ಜಗತ್ತಿನ ಜನರಲ್ಲಿ ಯಾವ ದೇಶದ ಪಾಲು ಎಷ್ಟು: ವಿಶ್ವಸಂಸ್ಥೆಯ ಜನಸಂಖ್ಯಾ ದತ್ತಾಂಶ ಸೇವೆಯ ವಿಮರ್ಶೆ

ಒಂದು ದೇಶದ ಜನಸಂಖ್ಯೆ ಎಷ್ಟೆಂದು ಕೇಳಿದರೆ ಉತ್ತರ ಎಲ್ಲೆಡೆ ಸಿಗುತ್ತದೆ. ಜಗತ್ತಿನ ಒಟ್ಟು ಜನರಲ್ಲಿ ಆ ದೇಶದ ಪಾಲು ಹಿಂದೆ ಎಷ್ಟಿತ್ತು, ಯಾವ ದಶಕದಲ್ಲಿ ಏರಿತು, ಯಾವಾಗ ಇಳಿಯತೊಡಗಿತು, ಮುಂದೆ ಎಲ್ಲಿಗೆ ಹೋಗಿ ನಿಲ್ಲಬಹುದು ಎಂದು ಕೇಳಿದರೆ ಮಾತ್ರ ನಂಬಬಹುದಾದ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಕೆಲವು ತಿಂಗಳ ಹಿಂದೆ ನಾನು ನೋಡಿದ ಒಂದು ವಿಡಿಯೋದಲ್ಲಿ ಬಣ್ಣಬಣ್ಣದ ಪಟ್ಟಿಗಳು ಒಂದನ್ನೊಂದು ಹಿಂದಿಕ್ಕುತ್ತ ಓಡುತ್ತಿದ್ದವು. ಜಪಾನಿನ ಪಟ್ಟಿ ಕುಗ್ಗಿತು, ನೈಜೀರಿಯಾದ ಪಟ್ಟಿ ಬೆಳೆಯಿತು. ಯಾವ ಅಂಕಿ ಎಲ್ಲಿಂದ ಬಂತು, ಯಾವುದು ಎಣಿಕೆ, ಯಾವುದು ಊಹೆ ಎಂಬುದನ್ನು ಆ ವಿಡಿಯೋ ಎಲ್ಲಿಯೂ ಹೇಳಲಿಲ್ಲ. ಆ ಅತೃಪ್ತಿಯಿಂದಲೇ ನಾನು ಮೂಲವನ್ನು ಹುಡುಕಿಕೊಂಡು ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗದ ದತ್ತಾಂಶ ಸೇವೆಗೆ ಹೋದೆ. 2024ರ ಜುಲೈನಲ್ಲಿ ಪ್ರಕಟವಾದ ಆವೃತ್ತಿಯನ್ನು ಹಲವು ವಾರ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ಸೇವೆ ಉಚಿತವಾಗಿದೆ. ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ದತ್ತಾಂಶವನ್ನು ಬಳಸಬಹುದು, ಹಂಚಬಹುದು. 237 ದೇಶಗಳು ಮತ್ತು ಪ್ರದೇಶಗಳಿಗೆ 1950ರಿಂದ 2100ರವರೆಗೆ ವರ್ಷವರ್ಷದ ಜನಸಂಖ್ಯೆ, ಜನನ, ಮರಣ, ವಲಸೆ, ವಯೋಮಾನ, ಸರಾಸರಿ ಆಯಸ್ಸು ಇವೆಲ್ಲ ಎಕ್ಸೆಲ್ ಕಡತಗಳಲ್ಲಿ ಸಿಗುತ್ತವೆ. ಹಿಂದಿನ ಆವೃತ್ತಿಗಳು ಐದೈದು ವರ್ಷದ ಅವಧಿಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದವು. 2022ರ ಆವೃತ್ತಿಯಿಂದ ಲೆಕ್ಕವೇ ಒಂದೊಂದು ವರ್ಷದ್ದಾಯಿತು. ಬರಗಾಲ, ಯುದ್ಧ, ಸಾಂಕ್ರಾಮಿಕ ರೋಗಗಳಂಥ ಒಂದೆರಡು ವರ್ಷದ ಆಘಾತಗಳು ಐದು ವರ್ಷದ ಸರಾಸರಿಯಲ್ಲಿ ಕರಗಿಹೋಗುತ್ತವೆ, ವಾರ್ಷಿಕ ಅಂಕಿಗಳಲ್ಲಿ ಉಳಿದುಕೊಳ್ಳುತ್ತವೆ. ಚೀನಾದ 1959ರಿಂದ 1961ರವರೆಗಿನ ಮಹಾಕ್ಷಾಮವನ್ನು ಈಗ ಆಯಾ ವರ್ಷದ ಸಾಲಿನಲ್ಲೇ ನೋಡಬಹುದು ಎಂಬ ಒಂದೇ ಕಾರಣಕ್ಕೂ ಈ ಬದಲಾವಣೆಯನ್ನು ಸ್ವಾಗತಿಸಬೇಕು.

ಹೊಸದಾಗಿ ಬಳಸುವವರು ಆರಂಭದಲ್ಲೇ ಎರಡು ಸಂಗತಿಗಳನ್ನು ಗಮನಿಸಬೇಕು. ಜನಸಂಖ್ಯೆಯ ಅಂಕಿಗಳೆಲ್ಲ ಸಾವಿರಗಳಲ್ಲಿ ಇವೆ. ಕೋಟಿಗೆ ತರಬೇಕಾದರೆ ಹತ್ತು ಸಾವಿರದಿಂದ ಭಾಗಿಸಬೇಕು. ಅಂದಾಜುಗಳಿಗೆ ಒಂದು ಹಾಳೆ, ಮುನ್ನಂದಾಜುಗಳಿಗೆ ಬೇರೆ ಹಾಳೆ ಇರುತ್ತದೆ. 2024ರ ಆವೃತ್ತಿಯಲ್ಲಿ 2023ರವರೆಗಿನದು ಅಂದಾಜು, 2024ರಿಂದ ಮುಂದಿನದೆಲ್ಲ ಮುನ್ನಂದಾಜು. ನಾವು ಈಗಿನ ಸಂಖ್ಯೆ ಎಂದು ಧೈರ್ಯವಾಗಿ ಹೇಳುವುದು ಕೂಡ ಈ ಗೆರೆಯ ಆಚೆಗೇ ಬೀಳುತ್ತದೆ. ವಿಡಿಯೋಗಳಲ್ಲಿ ಮಾಯವಾಗುವ ಈ ಗೆರೆಯನ್ನು ಮೂಲ ಕಡತಗಳು ಹಾಳೆಯನ್ನೇ ಬೇರೆ ಮಾಡಿ ತೋರಿಸುತ್ತವೆ, ಮತ್ತು ನನಗೆ ಈ ಸೇವೆಯ ಮೇಲೆ ಮೊದಲು ವಿಶ್ವಾಸ ಹುಟ್ಟಿದ್ದು ಅಲ್ಲಿಯೇ.

ಪಾಲನ್ನು ತಿಳಿಯಲು ದೇಶದ ಸಂಖ್ಯೆಯನ್ನು ಅದೇ ವರ್ಷದ ಜಗತ್ತಿನ ಸಂಖ್ಯೆಯಿಂದ ನಾನೇ ಭಾಗಿಸುತ್ತ ಹೋದೆ. ಈ ಶ್ರಮ ವ್ಯರ್ಥವಲ್ಲ ಎಂದು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಪಾಲು ಎಂಬುದು ಒಂದು ಭಿನ್ನರಾಶಿ ಎಂಬ ಅರಿವು ಸಿದ್ಧ ನಕ್ಷೆಯನ್ನು ನೋಡುವಾಗ ಮರೆತುಹೋಗುತ್ತದೆ, ಕೈಯಾರೆ ಭಾಗಿಸುವಾಗ ಮರೆಯಲು ಆಗುವುದಿಲ್ಲ. 1950ರಲ್ಲಿ ಜಗತ್ತಿನಲ್ಲಿ ಸುಮಾರು 250 ಕೋಟಿ ಜನರಿದ್ದರು. 2024ರಲ್ಲಿ ಸುಮಾರು 816 ಕೋಟಿ. ಛೇದವೇ ಮೂರು ಪಟ್ಟಿಗಿಂತ ಹೆಚ್ಚು ಬೆಳೆದಿರುವಾಗ, ತನ್ನ ಜನಸಂಖ್ಯೆಯನ್ನು ಎರಡು ಪಟ್ಟು ಮಾಡಿಕೊಂಡ ದೇಶದ ಪಾಲೂ ಇಳಿದೇ ಇಳಿಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನ ಇದಕ್ಕೆ ಸ್ಪಷ್ಟ ಉದಾಹರಣೆ. ಅಲ್ಲಿ 1950ರಲ್ಲಿ ಸುಮಾರು 15 ಕೋಟಿ ಜನರಿದ್ದರು, ಈಗ ಸುಮಾರು 34.5 ಕೋಟಿ, ಪಾಲು ಮಾತ್ರ ಶೇ 6ರಿಂದ ಶೇ 4.2ಕ್ಕೆ ಬಂದಿದೆ. ಜಪಾನಿನ ಸಂಖ್ಯೆ 8.4 ಕೋಟಿಯಿಂದ 12.4 ಕೋಟಿಗೆ ಏರಿದೆ, ಪಾಲು ಶೇ 3.4ರಿಂದ ಶೇ 1.5ಕ್ಕೆ ಇಳಿದಿದೆ. ಇವೆರಡರಲ್ಲಿಯೂ ಪಾಲಿನ ಗೆರೆ ಇಳಿದಿದೆ, ಅದರ ಹಿಂದಿನ ಕಥೆ ಬೇರೆ ಬೇರೆ. ಅಮೆರಿಕದಲ್ಲಿ ಜನ ಇಂದಿಗೂ ಹೆಚ್ಚುತ್ತಿದ್ದಾರೆ; ಜಪಾನಿನಲ್ಲಿ ಸಂಖ್ಯೆ 2010ರ ಆಸುಪಾಸಿನಲ್ಲಿ 12.8 ಕೋಟಿ ಮುಟ್ಟಿ ಈಗ ನಿಜವಾಗಿಯೂ ಕಡಿಮೆಯಾಗುತ್ತಿದೆ. ಪಾಲಿನ ಗೆರೆಯ ಪಕ್ಕದಲ್ಲಿ ಸಂಖ್ಯೆಯ ಗೆರೆಯನ್ನೂ ಇಟ್ಟು ನೋಡದಿದ್ದರೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಚೀನಾದ ಅಂಕಿಗಳನ್ನು ಭಾಗಿಸಿ ನೋಡಿದಾಗ ನನಗೆ ನಿಜವಾದ ಅಚ್ಚರಿಯಾಯಿತು. 1950ರಿಂದ 1990ರವರೆಗೆ ಅಲ್ಲಿಯ ಜನಸಂಖ್ಯೆ 54 ಕೋಟಿಯಿಂದ 115 ಕೋಟಿಗೆ, ಅಂದರೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ಆ ನಲವತ್ತು ವರ್ಷಗಳಲ್ಲಿ ಜಗತ್ತಿನಲ್ಲಿ ಚೀನಾದ ಪಾಲು ಹೆಚ್ಚೂಕಡಿಮೆ ಶೇ 22ರಲ್ಲೇ ನಿಂತಿತ್ತು. 1970ರ ದಶಕದ ನಡುವಿನಲ್ಲಿ ಶೇ 22.5ರ ಸುತ್ತ ತುಸು ಮೇಲೇರಿ ಮತ್ತೆ ಕೆಳಗೆ ಬಂತು, ಅಷ್ಟೆ. ಚೀನಾದ ಜನಸ್ಫೋಟ ಎಂದು ಜಗತ್ತು ಆತಂಕದಿಂದ ಮಾತಾಡುತ್ತಿದ್ದ ಕಾಲದಲ್ಲಿ ಚೀನಾ ಉಳಿದ ಜಗತ್ತಿನ ವೇಗದಲ್ಲೇ ಬೆಳೆಯುತ್ತಿತ್ತು. ಪಾಲು ಕುಸಿಯತೊಡಗಿದ್ದು ಆಮೇಲೆ: 2010ರ ಹೊತ್ತಿಗೆ ಸುಮಾರು ಶೇ 19, ಈಗ ಶೇ 17.4. ಒಂದೇ ಮಗು ನೀತಿ 1980ರ ಹೊತ್ತಿಗೆ ಜಾರಿಗೆ ಬಂತು ಎಂಬುದು ಎಲ್ಲರಿಗೂ ಗೊತ್ತು. ಆದರೆ ಜನನ ಪ್ರಮಾಣದ ದೊಡ್ಡ ಕುಸಿತ ಅದಕ್ಕೂ ಮೊದಲೇ, 1970ರ ದಶಕದಲ್ಲೇ ಆಗಿಹೋಗಿತ್ತು ಎಂಬುದನ್ನು ಇದೇ ಸೇವೆಯ ಫಲವತ್ತತೆ ದರದ (ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕದ) ಹಾಳೆ ತೋರಿಸುತ್ತದೆ. ಜನನ ಕಡಿಮೆಯಾದ ಮೇಲೂ, ಆಗಲೇ ಹುಟ್ಟಿದ್ದ ದೊಡ್ಡ ತಲೆಮಾರು ಮಕ್ಕಳನ್ನು ಹೆರುವ ವಯಸ್ಸಿಗೆ ಬರುವುದರಿಂದ ಒಟ್ಟು ಸಂಖ್ಯೆ ಹಲವು ದಶಕ ಏರುತ್ತಲೇ ಇರುತ್ತದೆ. ಚೀನಾದ ಸಂಖ್ಯೆ ಕೊನೆಗೂ ಇಳಿಯತೊಡಗಿದ್ದು 2022ರಲ್ಲಿ.

ಭಾರತದ ಸಾಲನ್ನು ಬಹುಪಾಲು ಓದುಗರು ತಪ್ಪಾಗಿ ಓದುತ್ತಾರೆ ಎಂದು ನನ್ನ ಅಭಿಪ್ರಾಯ. 2023ರ ಏಪ್ರಿಲ್‌ನಲ್ಲಿ ಭಾರತ ಚೀನಾವನ್ನು ದಾಟಿತು ಎಂದು ವಿಶ್ವಸಂಸ್ಥೆ ಅಂದಾಜಿಸಿದಾಗ, ಭಾರತದ ಪಾಲು ಭರದಿಂದ ಏರುತ್ತಿದೆ ಎಂಬ ಭಾವನೆ ಹರಡಿತು. ಅಂಕಿಗಳು ಹೇಳುವುದು ಬೇರೆ. 1950ರಲ್ಲಿ ಶೇ 14ರ ಆಸುಪಾಸಿನಲ್ಲಿದ್ದ ಭಾರತದ ಪಾಲು 1990ರ ವೇಳೆಗೆ ಶೇ 16 ದಾಟಿತ್ತು. ಕಳೆದ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಅದು ಸುಮಾರು ಶೇ 17.8ರಲ್ಲೇ ನಿಂತಿದೆ. ಚೀನಾವನ್ನು ದಾಟಿದ್ದು ಚೀನಾದ ಪಾಲು ಕುಸಿದದ್ದರಿಂದ; ಆ ವರ್ಷ ಭಾರತದ ಪಾಲು ಜಿಗಿಯಲಿಲ್ಲ. 2060ರ ದಶಕದ ಆರಂಭದವರೆಗೆ ಭಾರತದ ಸಂಖ್ಯೆ ಹೆಚ್ಚುತ್ತ ಹೋಗಿ ಸುಮಾರು 170 ಕೋಟಿ ಮುಟ್ಟಬಹುದು ಎಂಬುದು ಈ ಆವೃತ್ತಿಯ ಮುನ್ನಂದಾಜು, ಅದೇ ಅವಧಿಯಲ್ಲಿ ಪಾಲು ನಿಧಾನವಾಗಿ ಇಳಿಯುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 2.0 ಎಂದು ದಾಖಲಾಗಿದೆ. ಜಗತ್ತಿನ ಸರಾಸರಿಯೇ ಇದಕ್ಕಿಂತ ಹೆಚ್ಚು, ಸುಮಾರು 2.25. ಭಾರತದ ಪಾಲಿನ ಶಿಖರ ಈಗ ನಾವು ನಿಂತಿರುವ ಜಾಗದಲ್ಲೇ ಇದೆ ಎಂಬ ಮಾತನ್ನು ನಾನು ಯಾವ ಸುದ್ದಿಯಲ್ಲಿಯೂ ಓದಿರಲಿಲ್ಲ, ಹಾಳೆಯಲ್ಲಿ ಭಾಗಿಸಿ ಕಂಡುಕೊಂಡೆ.

ಗಡಿಗಳ ವಿಷಯದಲ್ಲಿ ಈ ಸೇವೆಯ ನಿಯಮ ಸರಳವಾಗಿದೆ: ಇಂದಿನ ದೇಶಗಳನ್ನೇ 1950ರವರೆಗೂ ಹಿಂದಕ್ಕೆ ಒಯ್ಯಲಾಗುತ್ತದೆ. ಹೋಲಿಕೆಗೆ ಇದು ಅಗತ್ಯ. ಹಾಗಿದ್ದರೂ ಓದುವವರು ಎಚ್ಚರದಿಂದಿರಬೇಕು. 1989ರ ಗಣತಿಯ ಪ್ರಕಾರ ಸೋವಿಯತ್ ಒಕ್ಕೂಟದಲ್ಲಿ 28.67 ಕೋಟಿ ಜನರಿದ್ದರು, ಅಂದಿನ ಜಗತ್ತಿನ ಶೇ 5.5ರಷ್ಟು; ದೇಶಗಳ ಸಾಲಿನಲ್ಲಿ ಅದು ಮೂರನೆಯದು. ಹಾಳೆಯಲ್ಲಿ ಅಂಥ ದೇಶವೇ ಇಲ್ಲ, ರಷ್ಯಾ ಮೊದಲಿನಿಂದಲೂ ರಷ್ಯಾ ಮಾತ್ರ. ಇದನ್ನು ಕೊರತೆ ಎಂದು ನಾನು ಕರೆಯುವುದಿಲ್ಲ. ಪಾಲು ಇಳಿಯಲು ಗಡಿ ಒಡೆಯುವುದೂ ಒಂದು ಕಾರಣ ಎಂಬ ಇತಿಹಾಸ ಮಾತ್ರ ಈ ಹಾಳೆಯಲ್ಲಿ ಸಿಗುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಅದೇ ನಿಯಮದಿಂದ ಆಗುವ ದೊಡ್ಡ ಉಪಕಾರ ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳ ಹೋಲಿಕೆಯಲ್ಲಿ ಕಾಣುತ್ತದೆ. ಇಡೀ ಕಡತದಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡುತ್ತ ಕುಳಿತ ಎರಡು ಸಾಲುಗಳು ಇವು. 1951ರ ಗಣತಿಯಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಸುಮಾರು 4.2 ಕೋಟಿ, ಪಶ್ಚಿಮದಲ್ಲಿ ಸುಮಾರು 3.4 ಕೋಟಿ ಜನರಿದ್ದರು. ವಿಶ್ವಸಂಸ್ಥೆಯ ಅಂದಾಜಿನಲ್ಲಿಯೂ 1950ರಲ್ಲಿ ಇಬ್ಬರ ಪಾಲೂ ಶೇ 1.5ರ ಆಸುಪಾಸಿನಲ್ಲಿದೆ, ಬಾಂಗ್ಲಾದೇಶದ್ದು ತುಸು ಹೆಚ್ಚು. 2024ರಲ್ಲಿ ಪಾಕಿಸ್ತಾನದ ಸಂಖ್ಯೆ ಸುಮಾರು 25 ಕೋಟಿ, ಪಾಲು ಶೇ 3.1, ಬಾಂಗ್ಲಾದೇಶದ ಸಂಖ್ಯೆ 17 ಕೋಟಿಯ ಮೇಲೆ, ಪಾಲು ಶೇ 2.1. ಒಂದೇ ದೇಶವಾಗಿದ್ದ ಎರಡು ತುಂಡುಗಳು ಇಷ್ಟು ದೂರ ಸರಿಯಲು ಕಾರಣವೇನೆಂದು ಫಲವತ್ತತೆ ದರದ ಹಾಳೆಗೆ ಹೋದರೆ ಉತ್ತರ ಅಲ್ಲಿದೆ. 1970ರ ಸುಮಾರಿಗೆ ಬಾಂಗ್ಲಾದೇಶದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಏಳರ ಹತ್ತಿರ ಮಕ್ಕಳಿದ್ದರು, ಈಗ ಎರಡರ ಆಸುಪಾಸು. ಪಾಕಿಸ್ತಾನದಲ್ಲಿ ಇಂದಿಗೂ ಮೂರೂವರೆಯ ಸುತ್ತ ಇದೆ. ಬಾಂಗ್ಲಾದೇಶದಲ್ಲಿ 1970ರ ದಶಕದಿಂದ ಮಹಿಳಾ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಗರ್ಭನಿರೋಧಕಗಳನ್ನು ತಲುಪಿಸಿದರು, ಹೆಣ್ಣುಮಕ್ಕಳ ಶಾಲಾ ಶಿಕ್ಷಣ ವಿಸ್ತರಿಸಿತು. ಈ ಕಾರಣಗಳು ಹಾಳೆಯಲ್ಲಿ ಬರೆದಿಲ್ಲ. ಅವುಗಳ ಗುರುತು ಪ್ರತಿ ವರ್ಷದ ಅಂಕಿಯಲ್ಲಿಯೂ ಇದೆ, ಮತ್ತು ಆ ಕಾರ್ಯಕರ್ತೆಯರ ದುಡಿಮೆಯನ್ನು ಇಷ್ಟು ದೂರದಿಂದ ಒಂದು ಸಂಖ್ಯೆಯ ಸಾಲಿನಲ್ಲಿ ಕಾಣುವುದು ಮನಸ್ಸನ್ನು ಮುಟ್ಟುತ್ತದೆ.

ಇನ್ನು ವಿಶ್ವಾಸಾರ್ಹತೆಯ ಮಾತು. ಅಂಕಿಗಳ ಹಿಂದಿರುವ ಗಣತಿಗಳು ಎಲ್ಲೆಡೆ ಒಂದೇ ರೀತಿಯಲ್ಲಿ ಇಲ್ಲ. ಲೆಬನಾನಿನಲ್ಲಿ ಕೊನೆಯ ಅಧಿಕೃತ ಗಣತಿ ನಡೆದದ್ದು 1932ರಲ್ಲಿ, ಅಫ್ಘಾನಿಸ್ತಾನದಲ್ಲಿ 1979ರಲ್ಲಿ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ 1984ರಲ್ಲಿ, ನೈಜೀರಿಯಾದಲ್ಲಿ 2006ರಲ್ಲಿ. ಭಾರತದ್ದೇ ಕೊನೆಯ ಗಣತಿ 2011ರದು. ಆಗ ಎಣಿಸಿದ್ದು 121 ಕೋಟಿ, ಈಗಿನ 145 ಕೋಟಿ ಲೆಕ್ಕ ಹಾಕಿ ಪಡೆದದ್ದು. ಕಾಂಗೋದ ಈಗಿನ ಸುಮಾರು 11 ಕೋಟಿ ಎಂಬ ಅಂಕಿಯ ಹಿಂದೆ ನಾಲ್ಕು ದಶಕದ ಹಳೆಯ ಗಣತಿ ಮತ್ತು ಆಮೇಲಿನ ಮಾದರಿ ಸಮೀಕ್ಷೆಗಳಿವೆ. ಹೀಗಿದ್ದೂ ಹಾಳೆಯಲ್ಲಿ ಕಾಂಗೋದ ಸಾಲೂ ಜಪಾನಿನ ಸಾಲೂ ಅಷ್ಟೇ ನಿಖರವಾಗಿ ಕಾಣುತ್ತವೆ, ಸಾವಿರದ ಮಟ್ಟದವರೆಗೆ ಅಂಕಿಗಳಿರುತ್ತವೆ. ಯಾವ ದೇಶಕ್ಕೆ ಯಾವ ಗಣತಿ, ಯಾವ ಸಮೀಕ್ಷೆ ಬಳಸಲಾಗಿದೆ ಎಂಬ ವಿವರವನ್ನು ವಿಭಾಗ ಪ್ರತ್ಯೇಕವಾಗಿ ಪ್ರಕಟಿಸುತ್ತದೆ. ಎರಡು ದೇಶಗಳನ್ನು ಹೋಲಿಸುವ ಮೊದಲು ಆ ವಿವರವನ್ನು ಓದುವುದು ಕಡ್ಡಾಯ ಎಂದು ನಾನು ಭಾವಿಸುತ್ತೇನೆ.

ಆವೃತ್ತಿಯಿಂದ ಆವೃತ್ತಿಗೆ ಹಿಂದಿನ ಅಂಕಿಗಳೂ ತಿದ್ದುಪಡಿಯಾಗುತ್ತವೆ. 1950ರ ಭಾರತದ ಜನಸಂಖ್ಯೆ 2019ರ ಆವೃತ್ತಿಯಲ್ಲಿ 37.6 ಕೋಟಿ ಎಂದಿತ್ತು, 2022ರ ಆವೃತ್ತಿಯಲ್ಲಿ 35.7 ಕೋಟಿಗೆ ಬಂತು. 1951ರ ಗಣತಿಯ 36.1 ಕೋಟಿಗೆ ಎರಡನೆಯದು ಹೆಚ್ಚು ಹತ್ತಿರ. ಜಗತ್ತಿನ ಸಂಖ್ಯೆಯೂ ತಿದ್ದುಪಡಿಯಾದ್ದರಿಂದ, ಸುಮಾರು ಎರಡು ಕೋಟಿಯ ಈ ವ್ಯತ್ಯಾಸ ಪಾಲಿನಲ್ಲಿ ಶೇಕಡಾ ಅರ್ಧದಷ್ಟಾಗುತ್ತದೆ. ಎಪ್ಪತ್ತು ವರ್ಷದ ಹಿಂದಿನ ಸಂಖ್ಯೆ ಈಗ ಬದಲಾಗುವುದು ವಿಚಿತ್ರ ಎಂದು ಮೊದಲು ಅನ್ನಿಸಿತು. ಯೋಚಿಸಿದಂತೆ, ಹೊಸ ಆಧಾರ ಸಿಕ್ಕಾಗ ಹಳೆಯದನ್ನು ತಿದ್ದುವ ಸಂಸ್ಥೆಯನ್ನೇ ನಂಬಬೇಕು ಎಂಬ ತೀರ್ಮಾನಕ್ಕೆ ಬಂದೆ. ಬಳಸುವವರು ಮಾಡಬೇಕಾದದ್ದು ಒಂದೇ: ಒಂದು ಆವೃತ್ತಿಯ ಅಂಶವನ್ನು ಇನ್ನೊಂದು ಆವೃತ್ತಿಯ ಛೇದದಿಂದ ಭಾಗಿಸಬಾರದು, ಮತ್ತು ಅಂಕಿಯ ಜೊತೆಗೆ ಆವೃತ್ತಿಯ ವರ್ಷವನ್ನೂ ಬರೆಯಬೇಕು.

ಮುನ್ನಂದಾಜುಗಳಲ್ಲಿ ತಿದ್ದುಪಡಿ ಇನ್ನೂ ದೊಡ್ಡದು. 2100ರಲ್ಲಿ ನೈಜೀರಿಯಾದಲ್ಲಿ 91.4 ಕೋಟಿ ಜನರಿರುತ್ತಾರೆ ಎಂದು 2012ರ ಆವೃತ್ತಿ ಹೇಳಿತ್ತು. 2019ರ ಆವೃತ್ತಿಯಲ್ಲಿ ಅದು 73.3 ಕೋಟಿಯಾಯಿತು, 2022ರಲ್ಲಿ 54.6 ಕೋಟಿ, 2024ರಲ್ಲಿ 47.7 ಕೋಟಿ. ಜಗತ್ತಿನಲ್ಲಿ ಆ ದೇಶದ ಪಾಲು ಶೇ 8.4 ಆಗಲಿದೆ ಎಂದಿದ್ದದ್ದು ಹನ್ನೆರಡು ವರ್ಷಗಳಲ್ಲಿ ಶೇ 4.7ಕ್ಕೆ ಇಳಿದಿದೆ. ಜನನ ಪ್ರಮಾಣ ಮೊದಲು ಎಣಿಸಿದ್ದಕ್ಕಿಂತ ಬೇಗ ಇಳಿಯುತ್ತಿರುವುದು ಇತ್ತೀಚಿನ ಸಮೀಕ್ಷೆಗಳಲ್ಲಿ ಕಂಡದ್ದು ಇದಕ್ಕೆ ಒಂದು ಮುಖ್ಯ ಕಾರಣ. ಚೀನಾದ 2100ರ ಸಂಖ್ಯೆಯೂ ಅದೇ ಅವಧಿಯಲ್ಲಿ ಸುಮಾರು 109 ಕೋಟಿಯಿಂದ 63 ಕೋಟಿಗೆ ಇಳಿದಿದೆ, ಪಾಲು ಶೇ 10ರಿಂದ ಶೇ 6ರ ಹತ್ತಿರಕ್ಕೆ. ಭಾರತದ ಸಂಖ್ಯೆ 2012ರ ಆವೃತ್ತಿಯಲ್ಲಿ 154.7 ಕೋಟಿ, 2024ರಲ್ಲಿ 150.5 ಕೋಟಿ, ಹೆಚ್ಚು ಕದಲಿಲ್ಲ. ಮಕ್ಕಳ ಸಂಖ್ಯೆ ಎರಡರ ಹತ್ತಿರ ಬಂದು ನಿಂತ ದೇಶದ ಭವಿಷ್ಯವನ್ನು ಹೇಳುವುದು ಸ್ವಲ್ಪ ಸುಲಭ. ಐದರಿಂದ ಇಳಿಯಬೇಕಾದ ದೇಶ ಯಾವ ವೇಗದಲ್ಲಿ ಇಳಿಯುತ್ತದೆ ಎನ್ನುವುದು, ಅಥವಾ ಒಂದಕ್ಕೆ ಬಂದಿರುವ ದೇಶ ಮತ್ತೆ ಏರುತ್ತದೆಯೇ ಎನ್ನುವುದು, ತುಂಬ ಕಷ್ಟ. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಈ ದರ 0.72ಕ್ಕೆ ಇಳಿದಾಗ ಹಿಂದಿನ ಯಾವ ಅನುಭವವೂ ದಾರಿ ತೋರುವಂತಿರಲಿಲ್ಲ.

ಹಾಗೆಂದು ಮುನ್ನಂದಾಜುಗಳನ್ನು ಬದಿಗಿಡಬೇಕು ಎಂದು ನಾನು ಹೇಳುತ್ತಿಲ್ಲ. ವಿಭಾಗವು ಮಧ್ಯಮ ಮುನ್ನಂದಾಜಿನ ಜೊತೆಗೆ ನಿಜವಾದ ಸಂಖ್ಯೆ ಒಳಗೆ ಬೀಳುವ ಸಂಭವ ಶೇ 80 ಮತ್ತು ಶೇ 95 ಇರುವ ಎರಡು ವ್ಯಾಪ್ತಿಗಳ ಗರಿಷ್ಠ, ಕನಿಷ್ಠ ಮಿತಿಗಳನ್ನೂ ಕೊಡುತ್ತದೆ. ಒಬ್ಬ ಮಹಿಳೆಗೆ ಅರ್ಧ ಮಗು ಹೆಚ್ಚಾದರೆ ಏನು, ಕಡಿಮೆಯಾದರೆ ಏನು ಎಂಬ ಎರಡು ಲೆಕ್ಕಗಳೂ ಇವೆ. ಜಗತ್ತಿನ ಜನಸಂಖ್ಯೆ 2080ರ ದಶಕದ ನಡುವಿನಲ್ಲಿ ಸುಮಾರು 1030 ಕೋಟಿ ಮುಟ್ಟಿ ಇಳಿಯತೊಡಗುತ್ತದೆ ಎಂದು ಹೇಳುವಾಗಲೂ, ಈ ಶತಮಾನದೊಳಗೆ ಶಿಖರ ಬರುವ ಸಂಭವ ಶೇ 80 ಎಂದೇ ಅದು ಹೇಳುತ್ತದೆ. ಮಧ್ಯಮ ಗೆರೆಯನ್ನು ಮಾತ್ರ ಕಿತ್ತುಕೊಂಡು ಮಿತಿಗಳನ್ನು ಬಿಟ್ಟುಬಿಡುವುದು ಬಳಸುವವರ ತಪ್ಪು. 63 ದೇಶ ಮತ್ತು ಪ್ರದೇಶಗಳ ಜನಸಂಖ್ಯೆ 2024ಕ್ಕೆ ಮೊದಲೇ ಶಿಖರ ಮುಟ್ಟಿದೆ ಎಂಬ ಈ ಆವೃತ್ತಿಯ ಗಣನೆ, ಆಫ್ರಿಕಾ ಖಂಡದ ಪಾಲು 1950ರ ಶೇ 9ರಿಂದ ಈಗಾಗಲೇ ಶೇ 18 ದಾಟಿದೆ ಎಂಬ ಅಂದಾಜು, ಯುರೋಪಿನದು ಶೇ 22ರಿಂದ ಶೇ 9ಕ್ಕೆ ಬಂದಿದೆ ಎಂಬ ಅಂದಾಜು, ಇವೆಲ್ಲ ದೂರದ ಭವಿಷ್ಯವನ್ನು ನೆಚ್ಚಿಕೊಂಡ ಮಾತುಗಳಲ್ಲ, ಆಗಿಹೋದ ಬದಲಾವಣೆಗಳು.

ಈ ಸೇವೆ 1950ಕ್ಕಿಂತ ಹಿಂದೆ ಹೋಗುವುದಿಲ್ಲ. ಪಾಲುಗಳ ಕಥೆಯ ಅರ್ಧ ಭಾಗ ಅದಕ್ಕೂ ಹಿಂದೆ ಇರುವುದರಿಂದ ಈ ಮಿತಿಯನ್ನು ಹೇಳಲೇಬೇಕು. ಆರ್ಥಿಕ ಇತಿಹಾಸಕಾರ ಆಂಗಸ್ ಮ್ಯಾಡಿಸನ್ ಅವರ ಅಂದಾಜಿನಂತೆ 1820ರಲ್ಲಿ ಜಗತ್ತಿನ ಸುಮಾರು 104 ಕೋಟಿ ಜನರಲ್ಲಿ 38 ಕೋಟಿ ಚೀನಾದಲ್ಲಿದ್ದರು, ಅಂದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. 1850ರಿಂದ 1864ರವರೆಗಿನ ತೈಪಿಂಗ್ ದಂಗೆಯಲ್ಲಿ ಎರಡು ಕೋಟಿಗೂ ಹೆಚ್ಚು ಜನ ಸತ್ತರೆಂದು ಲೆಕ್ಕ ಹಾಕಲಾಗಿದೆ. 1870ರ ಅಂದಾಜಿನಲ್ಲಿ ಚೀನಾದ ಸಂಖ್ಯೆ 36 ಕೋಟಿಗೂ ಕೆಳಗೆ ಬಂದಿದೆ, ಪಾಲು ಶೇ 28. ಯುರೋಪಿನಲ್ಲಿ ಮರಣ ಪ್ರಮಾಣ ಮೊದಲು ಇಳಿದ ಕಾಲ ಅದು; 1913ರಲ್ಲಿ ರಷ್ಯಾವೂ ಸೇರಿ ಯುರೋಪಿನ ಪಾಲು ಕಾಲು ಭಾಗವನ್ನು ಮೀರಿತ್ತು. ಅವಿಭಜಿತ ಭಾರತದ ಪಾಲು 1820ರಲ್ಲಿ ಶೇ 20. ಬರಗಾಲಗಳು ಮತ್ತು ರೋಗಗಳು ಅದನ್ನು ಕೆಳಗೆ ತಂದವು. 1918ರ ಇನ್‌ಫ್ಲುಯೆಂಜಾ ಎಷ್ಟು ಭೀಕರವಾಗಿತ್ತೆಂದರೆ, ಇಂದಿನ ಭಾರತದ ಗಡಿಯೊಳಗಿನ ಜನಸಂಖ್ಯೆ 1911ರಲ್ಲಿ 25.2 ಕೋಟಿ ಇದ್ದದ್ದು 1921ರಲ್ಲಿ 25.1 ಕೋಟಿಗೆ ಇಳಿಯಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂರನ್ನೂ ಕೂಡಿಸಿದರೆ 1950ರಲ್ಲಿ ಶೇ 17ರ ಆಸುಪಾಸು, ಈಗ ಶೇ 23. ಕೇವಲ 1950ರಿಂದ ನೋಡಿದವರಿಗೆ ಇದು ಬರಿಯ ಏರಿಕೆಯಾಗಿ ಕಾಣುತ್ತದೆ. 1820ರಿಂದ ನೋಡಿದವರಿಗೆ ಅದರ ಮೊದಲ ಭಾಗ, ಸಾವುಗಳಿಂದ ಕಳೆದುಕೊಂಡ ಪಾಲು ಮರಳಿ ಬಂದದ್ದು ಎಂದು ಅರ್ಥವಾಗುತ್ತದೆ. ಹಾಗಾಗಿ ಎರಡೂ ಮೂಲಗಳನ್ನು ಇಟ್ಟುಕೊಂಡು, 1950ಕ್ಕಿಂತ ಹಿಂದಿನದು ಇನ್ನಷ್ಟು ಒರಟಾದ ಅಂದಾಜು ಎಂದು ಗುರುತು ಹಾಕಿ ಓದುವುದು ಉತ್ತಮ.

ಶಾಲೆ ಕಾಲೇಜಿನ ಅಧ್ಯಾಪಕರಿಗೆ, ಪತ್ರಕರ್ತರಿಗೆ, ಅಂಕಿಗಳನ್ನು ತಾವೇ ಪರಿಶೀಲಿಸಲು ಬಯಸುವ ಎಲ್ಲರಿಗೂ ಈ ಸೇವೆಯನ್ನು ಪೂರ್ಣ ಮನಸ್ಸಿನಿಂದ ಶಿಫಾರಸು ಮಾಡುತ್ತೇನೆ. ಎಕ್ಸೆಲ್‌ನಲ್ಲಿ ಭಾಗಾಕಾರ ಮಾಡಲು ಬಂದರೆ ಸಾಕು. ಒಂದು ನೋಟದಲ್ಲಿ ಉತ್ತರ ಬೇಕೆನ್ನುವವರಿಗೆ ಇದು ತಾಳ್ಮೆ ಬೇಡುವ ಸಾಧನ, ಮತ್ತು ಆ ತಾಳ್ಮೆಗೆ ತಕ್ಕ ಪ್ರತಿಫಲವಿದೆ ಎಂಬುದು ನನ್ನ ಅನುಭವ. ಭಾರತದ ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಗಣನಾ ದಿನವಾಗಿ ಘೋಷಿಸಲಾಗಿದೆ. ಆ ಎಣಿಕೆಯನ್ನು ಒಳಗೊಂಡ ಆವೃತ್ತಿ ಬಂದ ದಿನ ನಾನು ಮೊದಲು ತೆರೆಯುವುದು 2100ರ ಹಾಳೆಯನ್ನಲ್ಲ. 2023ರ ಸಾಲಿನಲ್ಲಿ ಭಾರತ ಮತ್ತು ಚೀನಾಗಳ ಎರಡು ಅಂಕಿಗಳು ಇದ್ದಲ್ಲೇ ಇವೆಯೇ, ದಾಟಿದ ವರ್ಷ ಹಿಂದಕ್ಕೋ ಮುಂದಕ್ಕೋ ಸರಿದಿದೆಯೇ ಎಂದು ನೋಡುತ್ತೇನೆ.